ಹಿತ್ತಲ ನಲ್ಲಿ

ಕಮಲಾಕ್ಷಿ ರಜೆಗೆ ಬಂದಳೆಂದರೆ ಆ ಮನೆಯಲ್ಲಿ ಮೊದಲು ಕೇಳುವ ಮಾತು ಒಂದೇ. "ಹಿತ್ತಲಿಗೆ ಹೋಗಮ್ಮ, ಸ್ನಾನ ಮಾಡ್ಕೊಂಡು ಒಳಗೆ ಬಾ." ಹೇಳುವವರು ಅಪ್ಪ ದಿನಕರರಾಯರು, ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕಿನಲ್ಲಿ ಅಧಿಕಾರಿ. ಮಗಳು ವಿಶಾಖಪಟ್ಟಣದ ನೇವಿ ಆಸ್ಪತ್ರೆಯಲ್ಲಿ ಮಿಲಿಟರಿ ನರ್ಸು. ಹಿತ್ತಲ ನಲ್ಲಿಯಲ್ಲಿ ಮಿಂದು ಬಂದರೂ ಮಡಿಯಲ್ಲಿರುವ ತಾಯಿ ವಿಜಯಲಕ್ಷ್ಮಿಯನ್ನು ಮುಟ್ಟುವ ಹಾಗಿರಲಿಲ್ಲ. ಬ್ಯಾಂಕಿನವರು ಕೇಳಿದರೆ ರಾಯರು "ನೇವಿ ಆಫೀಸಿನಲ್ಲಿದ್ದಾಳೆ" ಎಂದು ಮಾತು ತೇಲಿಸಿಬಿಡುತ್ತಿದ್ದರು.

ನರ್ಸಿಂಗ್ ಓದಿಸಿ ಎಂದು ಆ ಹುಡುಗಿ ಗೋಗರೆದಾಗ ಅವರು ಕಾಸು ಬಿಚ್ಚಿರಲಿಲ್ಲ. ಮಿಲಿಟರಿಯೇ ಓದಿಸಿತ್ತು. ಎಂಬತ್ತೊಂಬತ್ತರ ಸಂಕ್ರಾಂತಿಗೆ ಬಂದವಳು ಮತ್ತೆ ಅದೇ ವಿಷಯ ಎತ್ತಿದಳು.

"ಅಪ್ಪಾ, ಪುಣೆಯಲ್ಲಿ ಡಿಗ್ರಿಗೆ ಕಳಿಸ್ತಾರೆ. ಖರ್ಚೆಲ್ಲ ಮಿಲಿಟರಿಯವರದೇ. ಇನ್ನೈದು ವರ್ಷ ಸರ್ವೀಸ್ ಮಾಡ್ತೀನಿ ಅಂತ ಬರೆದುಕೊಡ್ಬೇಕು ಅಷ್ಟೆ. ಆಮೇಲೆ ಹುಡುಗೀರಿಗೆ ಪಾಠ ಹೇಳಬಹುದು."

"ಕಂಡವರ ಮೈ ತೊಳೆಯೋಕೆ ಡಿಗ್ರಿ ಬೇರೆ ಕೇಡು! ಗಂಡಿನ ಕಡೆಯವರಿಗೆ ನಾನು ಏನಂತ ಮುಖ ತೋರಿಸಲಿ?"

"ನಿಜ ಹೇಳಿ. ನನಗೇನೂ ನಾಚಿಕೆಯಿಲ್ಲ. ಆದ್ರೆ ನೀವು ಹೂಂ ಅನ್ನದೆ ಸಹಿ ಹಾಕಲ್ಲ."

"ಹಾಗಾದ್ರೆ ಹೊರಡು, ಈಗಲೇ!"

ಅಡುಗೆಮನೆ ಬಾಗಿಲಿಂದ ವಿಜಯಲಕ್ಷ್ಮಿ, "ಇವತ್ತೊಂದಿನ ಇರಲಿ ರೀ, ಅವಳ ಹತ್ರ ಮಾತಾಡೋದಿದೆ" ಎಂದಳು. ಅವಳ ಮಾತಿಗೆ ಯಾರು ಕಿವಿಗೊಟ್ಟರು, ಪಾಪ! ಹುಡುಗಿ ಸಂಜೆ ರೈಲಿಗೇ ಹೋದಳು.

ಮೇ ತಿಂಗಳಲ್ಲಿ ವಿಜಯಲಕ್ಷ್ಮಿ ಹಾಸಿಗೆ ಹಿಡಿದಳು. ಎದೆಯಲ್ಲಿ ಗಂಟು. ಗಂಡಸು ಡಾಕ್ಟರಿಗೆ ತೋರಿಸಲು ನಾಚಿ ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದಳು. ಕಾಲ ಮೀರಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಅವಳು ಗಂಡನಿಗೆ ಮೆಲ್ಲಗೆ ಹೇಳಿದಳು: "ಸಂಕ್ರಾಂತಿಗೆ ಮಗೂಗೆ ತೋರಿಸೋಣ ಅಂತಿದ್ದೆ. ನೀವು ಕಳಿಸಿಬಿಟ್ರಿ."

ಮಗಳಿಗೆ ರಜೆ ಸಿಗುವಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದಳು. ನಡುಮನೆಯಲ್ಲಿ ಹೆಣ, ಜಗುಲಿಯ ತುಂಬ ಜನ. ಬ್ಯಾಗು ಹಿಡಿದು ಬಂದ ಕಮಲಾಕ್ಷಿ ಯಾರ ಮುಖವನ್ನೂ ನೋಡದೆ, ಅಭ್ಯಾಸಬಲದಿಂದ, ಹಿತ್ತಲ ಕಡೆ ತಿರುಗಿದಳು. ನಲ್ಲಿಯ ಹತ್ತಿರ!

ರಾಯರು ಓಡಿಹೋಗಿ ಮಗಳ ಕೈ ಹಿಡಿದುಕೊಂಡರು. "ಬೇಡ ಕಣೇ, ಬೇಡ. ಮುಂಬಾಗಿಲಿಂದ ಬಾ. ನಿಮ್ಮಮ್ಮನ ಸ್ನಾನ ನೀನೇ ಮಾಡಿಸು."

"ದಿನಕರಾ, ಆಸ್ಪತ್ರೆಯಿಂದ ಬಂದಿದ್ದಾಳೆ, ಹಾಗೇ ಮುಟ್ಟೋದೇ?" ರಾಯರ ಅಕ್ಕ ರಾಜ್ಯಲಕ್ಷ್ಮಿ ತಡೆದರು.

"ಅಕ್ಕಾ, ಮುಟ್ಟಬೇಡ ಮುಟ್ಟಬೇಡ ಅಂದೇ ಇವಳಮ್ಮನ್ನ ಕಳ್ಕೊಂಡೆ. ಸುಮ್ಮನಿರು."

ರಾಯರು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ, ಬಕೆಟ್ಟು ತುಂಬಿಸಿ ತಂದು ಬಾಗಿಲಲ್ಲಿಟ್ಟರು. ಒಳಗೆ ಮಗಳು ತಾಯಿಗೆ ಅರಿಶಿನ ಹಚ್ಚಿ ನೀರು ಹಾಕುತ್ತಿದ್ದಳು.

ಜಗುಲಿಯಲ್ಲಿದ್ದ ಬ್ಯಾಂಕಿನ ಜಗನ್ಮೋಹನ್ ಮೆತ್ತಗೆ ಕೇಳಿದ: "ಇವರೇ ಅಲ್ವಾ ಸಾರ್, ನೇವಿ ಆಫೀಸಲ್ಲಿರೋ ನಿಮ್ಮ ಮಗಳು?"

"ಆಫೀಸಲ್ಲ ಕಣಪ್ಪಾ," ಎಂದರು ರಾಯರು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. "ನರ್ಸು. ಮಿಲಿಟರಿ ನರ್ಸು. ಡಿಗ್ರಿ ಓದೋಕೆ ಪುಣೆಗೆ ಹೋಗ್ತಾಳೆ."

ಒಳಗೆ ನೀರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸಿತು.