ಇನ್ನೂ ಹುಟ್ಟದ ಕೀಲಿಕೈ

‘ಕೀಲಿ ಹಾಕದೆ ಹಾಗೆಯೇ ಕಳಿಸಲೇ?’ ಎಂದು ಕಂಪ್ಯೂಟರ್ ಮತ್ತೆ ಕೇಳಿತು. ಬೇಡ ಅಂತ ಮತ್ತೆ ಒತ್ತಿದೆ. ಹಟದಲ್ಲಿ ನಾನೇನು ಅದಕ್ಕಿಂತ ಕಡಿಮೆಯಲ್ಲ.

ಶಹಾಬಾದಿನ ನನ್ನ ಡಿಟಿಪಿ ಅಂಗಡಿಯ ಬೆಂಚಿನ ಮೇಲೆ ಸಾಬಮ್ಮ ಕೂತಿದ್ದಳು. ನೆಲಕ್ಕೆ ಹಾಸುವ ಫರ್ಶಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅವಳ ಗಂಡ ದುಡಿದ, ಕಲ್ಲಿನ ಧೂಳು ಎದೆಗಿಳಿದು ಸತ್ತ. ಈಗ ಅವಳೂ ಅಲ್ಲೇ ದುಡಿಯುತ್ತಾಳೆ, ಅವಳಿಗೂ ಕೆಮ್ಮು. ಅವಳ ಹಾಗೂ ಉಳಿದ ಹೆಂಗಸರ ಹೇಳಿಕೆಗಳು ಸಂಜೆಯೊಳಗೆ ದಿಲ್ಲಿಯಲ್ಲಿರುವ ನಮ್ಮ ವಕೀಲರಾದ ದಾನೇಶ್ವರಿಯವರಿಗೆ ಮುಟ್ಟಬೇಕಿತ್ತು. ನಾಳೆ ಅವರು ಅವನ್ನು ಧೂಳಿನ ಸಾವುಗಳ ವಿಚಾರಣಾ ಸಮಿತಿಯ ಮುಂದಿಡುವವರು.

ಹಿಂದೊಮ್ಮೆ ಸಾದಾ ಮೇಲ್ ಕಳಿಸಿದ್ದೆವು. ಅದು ಮಾಲಕನ ಕೈಗೆ ಹೇಗೆ ಸಿಕ್ಕಿತೋ, ಹೇಳಿಕೆ ಕೊಟ್ಟ ಹೀರಾಬಾಯಿಯನ್ನು ಮರುದಿನ ಗೇಟಿನಲ್ಲೇ ತಡೆದರು. ಆಮೇಲೆ ದಾನೇಶ್ವರಿಯವರು ಮೇಲಿಗೆ ಕೀಲಿ ಹಾಕುವ ಈ ಸಾಫ್ಟ್‌ವೇರ್ ಕೊಟ್ಟರು. ತಮ್ಮ ಹೊಸ ಕೀಲಿಕೈಯನ್ನು ನಿನ್ನೆ ಫೋನಿಗೆ ಕಳಿಸಿದರು. ಅದು ಕೀಲಿ ಹಾಕಲಿಕ್ಕೆ ಮಾತ್ರ, ತೆರೆಯುವ ಕೀಲಿಕೈ ಅವರೊಬ್ಬರ ಹತ್ತಿರವೇ.

ಆದರೆ ಹಾಕಬೇಕಲ್ಲ. ಮೊದಲು ‘ಕೀಲಿಕೈ ಮಾನ್ಯವಲ್ಲ’ ಎಂದಿತು. ಫೋನಿನಿಂದ ಮತ್ತೆ ಇಳಿಸಿಕೊಂಡೆ. ‘ಸಾಮಾನ್ಯ ದೋಷ’ ಎಂದಿತು. ಸಾಮಾನ್ಯ ಅಂದರೆ ಯಾರದು, ನನ್ನದೋ ಅದರದೋ? ಕಚೇರಿಯಲ್ಲಿ ‘ಸಾಹೇಬರು ಇಲ್ಲ’ ಅಂತಾರಲ್ಲ, ಅಂಥ ಉತ್ತರ. ನನಗೆ ಸಿಟ್ಟು ನೆತ್ತಿಗೇರಿತು.

“ಏನಂತದ ಅದು?” ಸಾಬಮ್ಮ ಕೇಳಿದಳು.

“ಏನೂ ಅನ್ನಲ್ದು ಅವ್ವ. ಬರೇ ಆಗಲ್ಲ ಅಂತದ.”

“ಹಂಗಾರ ಹಂಗೇ ಕಳಸು. ಹೊತ್ತು ಮುಳುಗಾಕತ್ತದ. ನಂಗ ಕೆಲಸ ಹೋದ್ರ ಹೋಗ್ಲಿ.”

“ನಿನ್ನ ಒಬ್ಬಾಕಿ ಹೆಸರಿದ್ರ ಕಳಸ್ತಿದ್ದೆ. ಉಳದಾಕೇರ ಹೆಸರೂ ಅದಾವ.”

ಅವಳು ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು.

‘ಸಾಮಾನ್ಯ ದೋಷ’ ಎಂಬ ಆ ಸಂದೇಶದ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ವಿವರ’ ಎಂದಿತ್ತು. ಒತ್ತಿದೆ. ಒಳಗೊಂದು ಸಾಲು ಅಡಗಿ ಕೂತಿತ್ತು: ‘ಈ ಕೀಲಿಕೈ ಭವಿಷ್ಯದಲ್ಲಿ ತಯಾರಾಗಿದೆ.’

ನಿನ್ನೆ ತಯಾರಾದದ್ದು ಭವಿಷ್ಯದ್ದು ಹೇಗಾದೀತು? ಆಗ ಪರದೆಯ ಮೂಲೆಗೆ ಕಣ್ಣು ಹೋಯಿತು. 2012. ದಿನಾ ನೋಡಿ ನೋಡಿ ಅದು ಕಣ್ಣಿಗೆ ಕಾಣುವುದೇ ನಿಂತಿತ್ತು. ನಾನು ಮದುವೆ ಕಾರ್ಡು ಮಾಡುವ ಹಳೇ ಕನ್ನಡ ಸಾಫ್ಟ್‌ವೇರಿನ ಅವಧಿ ಮುಗಿದು ಎಷ್ಟೋ ವರ್ಷ. ತಾರೀಕು ಹಿಂದಿಟ್ಟರೆ ಮಾತ್ರ ತೆರೆಯುತ್ತದೆ. ಅದಕ್ಕೇ ಮದುವೆ ಸೀಜನ್ನಿನಲ್ಲಿ ನನ್ನ ಕಂಪ್ಯೂಟರಿಗೆ ಇಡೀ ದಿನ 2012. ಹೊಟ್ಟೆಪಾಡು, ನನಗೇನೂ ನಾಚಿಕೆಯಿಲ್ಲ.

“ಅವ್ವ, ಈ ಪೆಟ್ಟಿಗ್ಯಾಗ ಇನ್ನಾ ಎರಡು ಸಾವಿರದ ಹನ್ನೆರಡು ನಡದದ. ಕೀಲಿಕೈ ಇನ್ನಾ ಹುಟ್ಟೇ ಇಲ್ಲ ಅಂತ ತಿಳಕೊಂಡದ ಇದು.”

ಸಾಬಮ್ಮ ಪರದೆಯನ್ನೇ ನೋಡುತ್ತ ಕೂತಳು.

ಇವತ್ತಿನ ತಾರೀಕು ಹಾಕಿದೆ. ತೆರೆದಿಟ್ಟಿದ್ದ ಮದುವೆ ಕಾರ್ಡು ಮುಚ್ಚಿಕೊಂಡಿತು. ಮೇಲಿಗೆ ಕೀಲಿ ಬಿತ್ತು, ಹೊರಟಿತು. ಚಹಾ ಮುಗಿಯುವುದರೊಳಗೆ ದಾನೇಶ್ವರಿಯವರ ಫೋನು: “ತೆರೀತು ಯಶೋಧರಾ. ಎಲ್ಲಾ ಓದಿದೆ. ಸಮಿತಿಯವರು ಏನರ ಕೇಳಿದ್ರ ಈ ಕೀಲಿ ಹಾಕಿದ ಮೇಲಿನಾಗೇ ನಿನ್ನ ಕೇಳ್ತೀನಿ. ನಾಳಿಗಿ ಮುಗಿಯೂತನ ಕಂಪ್ಯೂಟರ್ ಹಂಗೇ ಚಾಲೂ ಇಟ್ಟಿರು.”

ಫೋನಿಡುವಷ್ಟರಲ್ಲಿ ಸಂಗಮೇಶ್ವರ ಬಂದ. ಅವನ ತಮ್ಮನ ಮದುವೆಯದೇ ಆ ಕಾರ್ಡು. ಆಗಿಲ್ಲವೆಂದೆ, ಇವತ್ತಿನ ತಾರೀಕಿಗೆ ಆ ಸಾಫ್ಟ್‌ವೇರ್ ತೆರೆಯದೆಂದೂ ಹೇಳಿದೆ.

“ಅಷ್ಟೇ ಏನ್ರಿ ಅಕ್ಕೋರೆ? ತಾರೀಕು ಹಿಂದ ಹಾಕ್ರಿ. ಹತ್ತು ಮಿನಿಟಿಂದು ಕೆಲಸ.”

ಒಳ್ಳೆಯ ಗಿರಾಕಿ. ಈ ಸೀಜನ್ನಿನ ದೊಡ್ಡ ಆರ್ಡರು. ನನ್ನ ಕೈ ಮೌಸಿನ ಮೇಲೆ ಹೋದದ್ದು ನಿಜ.

“ಹಾಕಬ್ಯಾಡ,” ಎಂದಳು ಸಾಬಮ್ಮ. ದನಿ ಎತ್ತಲಿಲ್ಲ. “ಆ ವರ್ಷದಾಗ ನನ್ನ ಗಂಡ ಇನ್ನಾ ಕೆಮ್ಮಾಕತ್ಯಾನ. ಮಾಲಕ ಅವಗ ಏನೂ ಆಗಿಲ್ಲ, ಕೆಲಸಕ್ಕ ಬಾ ಅನ್ನಾಕತ್ಯಾನ.”

ಸಂಗಮೇಶ್ವರ ನನ್ನ ಮುಖ ನೋಡಿದ. ನಾನು ಮೌಸಿನಿಂದ ಕೈ ತೆಗೆದೆ. ಸ್ಟೇಶನ್ ರೋಡಿನಲ್ಲಿ ಇನ್ನೊಂದು ಅಂಗಡಿ ಇದೆ, ಅಲ್ಲಿ ಮಾಡಿಸಿಕೊಳ್ಳಿ ಅಂತ ಹೇಳಿ ಕಳಿಸಿದೆ.