ಹದಿನಾರು ಅರ್ಧಗಳು

ಔಷಧಿ ಅಂಗಡಿಯ ಕೂಪನ್ನಿನ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಮುದ್ರಿಸಿರುವ ಷರತ್ತುಗಳನ್ನು ಪೂರ್ತಿ ಓದುವವರು ನನ್ನ ಪರಿಚಯದಲ್ಲಿ ನಾನೊಬ್ಬಳೇ. ಅದು ಉದ್ಯೋಗದಿಂದ ಬಂದ ಅಭ್ಯಾಸ. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಅಲ್ಲಿ ಬಾಟಲಿಯ ಮೇಲಿನ ಚೀಟಿ ಓದದೆ ಯಾರೂ ಮುಚ್ಚಳ ತೆಗೆಯುವುದಿಲ್ಲ.

ನಮ್ಮ ಬೀದಿಯ ಕೊನೆಯ ಔಷಧಿ ಅಂಗಡಿ ದೊಡ್ಡ ಕಂಪನಿಯದು. ಗಾಜಿನ ಬಾಗಿಲು ತಳ್ಳಿದರೆ ಮೊದಲು ಶಾಂಪೂ, ಸೋಪು, ಪೇಸ್ಟಿನ ಸಾಲುಗಳು, ಅವುಗಳ ಹಿಂದೆ, ಎಲ್ಲಕ್ಕೂ ಕೊನೆಗೆ, ಔಷಧಿಯ ಕೌಂಟರು. ಅಲ್ಲಿ ಕೊಂಡಿದ್ದಕ್ಕೆಲ್ಲ ಪಾಯಿಂಟ್ ಬರುತ್ತದೆ. ಬುಧವಾರ ಎರಡರಷ್ಟು. ಡಾಕ್ಟರ ಚೀಟಿ ತೋರಿಸಿ ಕೊಳ್ಳುವ ಮಾತ್ರೆಗೆ ಮಾತ್ರ ಅರ್ಧ. ಮೂರು ತಿಂಗಳೊಳಗೆ ಬಳಸದಿದ್ದರೆ ಎಲ್ಲ ಸೊನ್ನೆ. ನಮ್ಮದು ಬೆಳ್ಳಿ ಕಾರ್ಡು. ಚಿನ್ನದ ಕಾರ್ಡು ಸಿಗಬೇಕಾದರೆ ತಿಂಗಳ ಬಿಲ್ಲು ಒಂದು ಮಿತಿ ದಾಟಬೇಕು. ಎಷ್ಟು ಸೋಪು ಕೊಂಡರೂ ನಾವು ಆ ಮಿತಿಯ ಹತ್ತಿರಕ್ಕೆ ಹೋಗುತ್ತಿರಲಿಲ್ಲ.

"ನಮ್ಮನೇಲಿ ಹಲ್ಲಿಗಿಂತ ಪೇಸ್ಟೇ ಜಾಸ್ತಿ ಇದೆ ಕಣೇ," ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ನನಗೆ ಪಾಯಿಂಟಮ್ಮ ಎಂದು ಹೆಸರಿಟ್ಟವರೂ ಅವರೇ. ತಿಂಗಳಿಗೊಮ್ಮೆ ನಾನು ಅವರ ಮಾತ್ರೆ ಡಬ್ಬಿ ಹಿಡಿದು ಮನೆಗೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಕೇಳುವರು: "ಎಷ್ಟು ಉಳಿಸಿದೆ, ಪಾಯಿಂಟಮ್ಮ?"

"ನಲವತ್ತೆರಡು."

"ನಾನು ಹೀಗೇ ಇನ್ನೊಂದು ನೂರು ವರ್ಷ ಕಾಯಿಲೆ ಬಿದ್ರೆ ಮನೆ ಕಟ್ಟಬಹುದು."

ಅವರದು ಮೂರ್ಛೆಯ ಕಾಯಿಲೆ. ನಲವತ್ತಾರನೆಯ ವಯಸ್ಸಿನಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಬಂತು. ಬೇಕರಿಯ ವ್ಯಾನು ಓಡಿಸುತ್ತಿದ್ದವರು. ನಸುಕಿನಲ್ಲಿ ಎದ್ದು, ಬಿಸಿ ಬ್ರೆಡ್ಡಿನ ತಟ್ಟೆಗಳನ್ನು ಏರಿಸಿ, ಮೂವತ್ತೊಂದು ಅಂಗಡಿಗಳಿಗೆ ಹಂಚಿ, ಹತ್ತು ಗಂಟೆಗೆ ಮನೆಗೆ ಬಂದು ಮಲಗುವುದು ಅವರ ಇಪ್ಪತ್ತು ವರ್ಷದ ದಿನಚರಿ. ಎರಡನೆಯ ಸಲ ಬಿದ್ದ ಮೇಲೆ ಮಾಲೀಕರು ವ್ಯಾನಿನ ಕೀಲಿ ತೆಗೆದುಕೊಂಡರು, ಆದರೆ ಕೆಲಸದಿಂದ ತೆಗೆಯಲಿಲ್ಲ. "ಒಂದು ವರ್ಷ ಬೀಳದೆ ಇದ್ದೀಯ ಅಂತ ಡಾಕ್ಟರ್ ಬರೆದುಕೊಡಲಿ, ನಿನ್ನ ಕೀಲಿ ನಿನ್ನದೇ," ಎಂದರಂತೆ. ಅಂದಿನಿಂದ ಅವರು ಒಳಗೆ ತಟ್ಟೆ ಜೋಡಿಸುತ್ತಿದ್ದರು. ಇನ್ನೊಬ್ಬ ಡ್ರೈವರು ತಮ್ಮ ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಪ್ರತಿದಿನ ಗೋಡೆಗೆ ತಾಗಿಸುತ್ತಾನೆ ಎಂಬುದು ಊಟದ ಹೊತ್ತಿನ ಅವರ ಏಕೈಕ ದೂರು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ದಿನಕ್ಕೊಂದು ಚುಕ್ಕೆ ಇಡುತ್ತಿದ್ದೆ. ನಾನು ಹೇಳಹೊರಟಿರುವ ತಿಂಗಳು ಹುಟ್ಟುವ ಹೊತ್ತಿಗೆ ಮುನ್ನೂರ ಇಪ್ಪತ್ತನಾಲ್ಕು ಚುಕ್ಕೆಗಳಾಗಿದ್ದವು. ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದೂ ತಪ್ಪಿರಲಿಲ್ಲ.

ವರ್ಷ ತುಂಬಿದ ಮೇಲೆ ಲೈಸೆನ್ಸಿಗಾಗಿ ಮತ್ತೆ ಆರೋಗ್ಯ ಪರೀಕ್ಷೆ ಮಾಡಿಸಬೇಕು. ಅದರ ಶುಲ್ಕ ನಾನೂರು. ಆ ಹಣವನ್ನು ಸಂಬಳದಿಂದ ತೆಗೆಯಲು ನನಗೆ ಇಷ್ಟವಿರಲಿಲ್ಲ. ಮಾತ್ರೆ ಕೊಂಡು ಉಳಿಸಿದ ಹಣದಲ್ಲೇ ಕೀಲಿ ವಾಪಸು ಬರಬೇಕೆಂಬ ಒಂದು ಹಟವಿತ್ತು. ಯಾಕೆ ಎಂದು ಕೇಳಿದರೆ ಈಗ ಸರಿಯಾದ ಉತ್ತರವಿಲ್ಲ. ಕಾಯಿಲೆಯಿಂದ ಏನಾದರೂ ಒಂದನ್ನು ಕಿತ್ತುಕೊಳ್ಳಬೇಕು ಅನ್ನಿಸಿತ್ತು, ಅಷ್ಟೆ.

ಆಗ ಆ ಕೂಪನ್ ಬಂತು. ಮಾತ್ರೆಯ ಬಿಲ್ಲಿನಲ್ಲಿ ಕಾಲು ಭಾಗ ಕಡಿಮೆ, ಜೊತೆಗೆ ಕೂಡಿಟ್ಟ ಪಾಯಿಂಟುಗಳನ್ನೂ ಒಟ್ಟಿಗೆ ಬಳಸಬಹುದು. ಎರಡೂ ಸೇರಿದರೆ ಉಳಿಯುವುದು ಮುನ್ನೂರ ಎಂಬತ್ತು, ಶುಲ್ಕಕ್ಕೆ ಇಪ್ಪತ್ತೇ ಕಡಿಮೆ. ಷರತ್ತುಗಳನ್ನೆಲ್ಲ ಓದಿದೆ. ಒಂಬತ್ತನೇ ತಾರೀಕಿನಿಂದ ಹನ್ನೆರಡರವರೆಗೆ ಮಾತ್ರ. ಬಿಡಿ ಮಾತ್ರೆಗೆ ಅನ್ವಯಿಸುವುದಿಲ್ಲ. ನಮ್ಮ ಮಾತ್ರೆ ನಾಲ್ಕನೇ ತಾರೀಕಿನ ರಾತ್ರಿಗೆ ಮುಗಿಯುತ್ತಿತ್ತು. ಒಮ್ಮೆ ಡಬ್ಬಿ ಕೊಂಡರೆ ಅದೇ ಚೀಟಿಗೆ ಮೂವತ್ತು ದಿನ ಇನ್ನೊಂದು ಡಬ್ಬಿ ಕೊಡುವುದಿಲ್ಲ. ಅಂದರೆ ಐದನೇ ತಾರೀಕು ಪೂರ್ತಿ ಬೆಲೆಗೆ ಕೊಂಡರೆ ಕೂಪನ್ ಕೈತಪ್ಪುತ್ತದೆ.

ಕೌಂಟರಿನ ಹುಡುಗಿಗೆ ನಾನು ಚೆನ್ನಾಗಿ ಗೊತ್ತು. ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ನಗುವ ಹುಡುಗಿ.

"ನಾಲ್ಕು ದಿನಕ್ಕಾಗೋಷ್ಟು ಎಂಟೇ ಮಾತ್ರೆ ಬಿಡಿಯಾಗಿ ಕೊಡಮ್ಮ," ಎಂದೆ.

"ಬಿಡಿ ಕೊಡೋ ಹಾಗಿಲ್ಲ ಅಕ್ಕಾ. ಡಬ್ಬಿ ಒಡೆದ್ರೆ ಸಿಸ್ಟಮ್ ತಗೊಳ್ಳಲ್ಲ."

"ಹಾಗಾದ್ರೆ ಕೂಪನ್ನನ್ನೇ ನಾಲ್ಕು ದಿನ ಮುಂಚೆ ಹಾಕ್ಕೊಡೋಕಾಗಲ್ವಾ?"

"ನನ್ನ ಕೈಲಿದ್ರೆ ಈಗ್ಲೇ ಹಾಕಿಬಿಡ್ತಿದ್ದೆ. ನಿಮಗಲ್ಲದೆ ಇನ್ಯಾರಿಗೆ ಹಾಕ್ಲಿ. ಈ ಡಬ್ಬ ಕೇಳಲ್ವಲ್ಲ," ಎಂದು ಕಂಪ್ಯೂಟರಿನ ತಲೆ ತಟ್ಟಿದಳು.

ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವಳೇ ಒಂದು ಮಾತಿನಲ್ಲಿ ಉತ್ತರ ಹೇಳುತ್ತಿದ್ದಳು. ಕೇಳಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂದೇ ತೋರಲಿಲ್ಲ.

ಮನೆಗೆ ಬಂದು ಕಾಗದ ತೆಗೆದುಕೊಂಡೆ. ಒಂದನೇ ತಾರೀಕಿನ ಬೆಳಿಗ್ಗೆ ಉಳಿದಿರುವುದು ಎಂಟು ಮಾತ್ರೆ, ಕಳೆಯಬೇಕಾದದ್ದು ಎಂಟು ದಿನ. ಎಂಟನ್ನು ಎರಡಾಗಿ ಕತ್ತರಿಸಿದರೆ ಹದಿನಾರು ಅರ್ಧಗಳು, ದಿನಕ್ಕೆರಡು. ಇಷ್ಟು ಸಲೀಸಾಗಿ ಸರಿಹೊಂದುವ ಲೆಕ್ಕವನ್ನು ಅನುಮಾನಿಸಬೇಕೆಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಆದರೂ ಒಂದು ರೇಖಾಚಿತ್ರ ಬರೆದೆ. ಔಷಧಿ ದೇಹದಲ್ಲಿ ಎಷ್ಟು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಎಂಟನೇ ದಿನ ಎಷ್ಟು ಉಳಿಯುತ್ತದೆ ಎಂದು. ಗೆರೆ ಕೆಳಗಿಳಿಯಿತು. ಆದರೆ ನೀರಿನ ಪರೀಕ್ಷೆಯಲ್ಲಿ ನಾವು ಇಡುವ ಪ್ರತಿ ಮಿತಿಗೂ ಸಾಕಷ್ಟು ಸಡಿಲ ಇರುತ್ತದೆ. ಮಿತಿ ದಾಟಿದ ಮಾತ್ರಕ್ಕೆ ಯಾರೂ ಅಂದೇ ಹಾಸಿಗೆ ಹಿಡಿಯುವುದಿಲ್ಲ. ಹನ್ನೊಂದು ತಿಂಗಳು ನೆಟ್ಟಗಿದ್ದ ಮನುಷ್ಯನಿಗೂ ಅಂಥ ಸಡಿಲ ಇದ್ದೇ ಇರಬೇಕು ಎಂದುಕೊಂಡೆ. ನನಗೆ ಬೇಕಾಗಿದ್ದ ಉತ್ತರ ಅದು. ಆ ಉತ್ತರ ಸಿಕ್ಕ ಕೂಡಲೇ ಪೆನ್ಸಿಲು ಕೆಳಗಿಟ್ಟೆ.

ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಈ ಗೆರೆ ಯಾಕೆ ಜಾರುಬಂಡೆ ಥರ ಇದೆ?"

"ಅದು ನಿಮ್ಮ ಮಾತ್ರೆ ರೀ. ಒಂಬತ್ತನೇ ತಾರೀಕು ಮತ್ತೆ ಮೇಲೆ ಏರತ್ತೆ."

"ನೀನು ಲೆಕ್ಕ ಹಾಕಿದ ಮೇಲೆ ಮುಗೀತು ಬಿಡು," ಎಂದು ಕಾಗದ ವಾಪಸು ಕೊಟ್ಟರು.

ಕೈಲಿದ್ದ ಹೊಸ ಬ್ಲೇಡಿನಿಂದ ಊಟದ ಮೇಜಿನ ಮೇಲೆ ಕತ್ತರಿಸಿದೆ. ಪುಡಿ ಕೂಡ ಬೀಳದಂತೆ. ಮರುದಿನ ಎರಡು ಅರ್ಧಗಳನ್ನು ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿಯಲ್ಲಿಟ್ಟು ನೋಡಿದೆ. ಗ್ರಾಮಿನ ಸಾವಿರದಲ್ಲೊಂದು ಪಾಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅದನ್ನು ಕಂಡು ನನಗೆ ಸಂತೋಷವಾಗಿತ್ತು ಎಂಬುದನ್ನು ಬರೆಯಲೇಬೇಕು. ಹಿಂದೆ ಔಷಧಿ ಅಂಗಡಿಗಳಲ್ಲಿ ಪುಡಿಗಳನ್ನು ತೂಗಿ ಕಟ್ಟುತ್ತಿದ್ದ ಹಾಗೆ ಒಂದೊಂದು ಅರ್ಧವನ್ನೂ ಚೌಕ ಕಾಗದದಲ್ಲಿ ಮಡಿಸಿ ಪೊಟ್ಟಣ ಕಟ್ಟಿದೆ. ಮೇಲೆ ತಾರೀಕು, ಹೊತ್ತು ಬರೆದೆ. ಕಾಗದಕ್ಕೆಂದು ದೂರ ಹೋಗಬೇಕಾಗಿರಲಿಲ್ಲ. ಮಾತ್ರೆಯ ಡಬ್ಬಿಯೊಳಗೆ ತೆಳ್ಳಗೆ, ನುಣುಪಾಗಿ, ಹದಿನಾರು ಮಡಿಕೆಯಾಗಿ ಒಂದು ಹಾಳೆ ಇತ್ತು. ಮಡಿಕೆಯ ಗೆರೆಗಳಲ್ಲೇ ಹರಿದರೆ ಸರಿಯಾಗಿ ಹದಿನಾರು ಚೌಕಗಳಾದವು.

ಏಳನೇ ತಾರೀಕು ಬೆಳಿಗ್ಗೆ ಹತ್ತೂಕಾಲಿಗೆ ಬೇಕರಿಯಿಂದ ಫೋನು ಬಂತು. ಅವರು ತಟ್ಟೆಗಳ ಚಕ್ರದ ಗಾಡಿ ತಳ್ಳುತ್ತಿದ್ದಾಗಲೇ ಬಿದ್ದಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ನಾನು ಆಸ್ಪತ್ರೆ ಮುಟ್ಟುವಾಗ ಎದ್ದು ಕೂತಿದ್ದರು. ಅಂಗಿಯ ಮುಂಭಾಗದಲ್ಲಿ ಹಿಟ್ಟು ಮತ್ತು ರಕ್ತ.

"ತಲೆಗೆ ಬಂದದ್ದು ಹುಬ್ಬಿಗೆ ಹೋಯ್ತು ಅಂದ್ಕೋ," ಎಂದರು. ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ತೊದಲುತ್ತಿತ್ತು.

ಡಾಕ್ಟರು ಕಡತ ತೆರೆದು, ತಲೆ ಎತ್ತದೆ ಕೇಳಿದರು: "ಮಾತ್ರೆ ಎಲ್ಲಾದ್ರೂ ತಪ್ಪಿತ್ತಾ?"

"ಇಲ್ಲ ಡಾಕ್ಟ್ರೇ. ದಿನಾ ಎರಡು ಹೊತ್ತೂ ತಗೊಂಡಿದ್ದೀನಿ."

ಅಕ್ಷರಶಃ ನಿಜ. ಹಾಗೆ ಹೇಳುವಾಗ ಅವರು ನನ್ನನ್ನು ನೋಡಲಿಲ್ಲ, ಗೋಡೆಯ ಮೇಲಿನ ಕೈತೊಳೆಯುವ ಚಿತ್ರವನ್ನು ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಡಾಕ್ಟರು ಆಗಲೇ ಬರೆಯತೊಡಗಿದ್ದರು. ಇಷ್ಟು ದಿನದ ಪ್ರಮಾಣ ಸಾಲುತ್ತಿಲ್ಲ, ಒಂದೂವರೆಯಷ್ಟು ಏರಿಸಿದ್ದೇನೆ, ಮೊದಮೊದಲು ಮಂಕು ಕವಿಯಬಹುದು ಎಂದರು. ವ್ಯಾನು ಓಡಿಸುವ ವಿಷಯ ಅವರಾಗಿ ಎತ್ತಲಿಲ್ಲ. ನನ್ನ ಗಂಡನೇ ಕೇಳಿದರು.

"ಇವತ್ತಿಂದ ಮತ್ತೆ ಒಂದು ವರ್ಷ," ಎಂದರು ಡಾಕ್ಟರು.

ಮನೆಗೆ ಬಂದು ಅವರನ್ನು ಮಲಗಿಸಿದೆ. ಮೇಜಿನ ಖಾನೆಯಲ್ಲಿ ಮೂರು ಪೊಟ್ಟಣ ಉಳಿದಿದ್ದವು: ಏಳು ರಾತ್ರಿ, ಎಂಟು ಬೆಳಿಗ್ಗೆ, ಎಂಟು ರಾತ್ರಿ. ಎಸೆಯಬೇಕೆಂದು ಬಿಚ್ಚಿದೆ. ಮೂರನೆಯ ಚೌಕವನ್ನು ಬಿಚ್ಚಿ ಅಂಗೈಯಲ್ಲಿ ಚಪ್ಪಟೆ ಮಾಡಿದಾಗ ಒಳಮೈಯಲ್ಲಿ ಸಣ್ಣ ಅಕ್ಷರ ಕಂಡಿತು. ಅದೇ ಇರುವೆ ಸಾಲು. ಮಾತ್ರೆಯನ್ನು ಇಡಿಯಾಗಿ ನುಂಗಬೇಕು. ಮುರಿಯಬಾರದು, ಅಗಿಯಬಾರದು. ಮುರಿದರೆ, ಹನ್ನೆರಡು ಗಂಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಮ್ಮೆಲೇ ಬಿಡುಗಡೆಯಾಗಿ, ನಂತರ—

ವಾಕ್ಯ ಅಲ್ಲಿಗೆ ಹರಿದಿತ್ತು. ಮುಂದಿನ ಭಾಗ ಇನ್ನೊಂದು ಚೌಕದಲ್ಲಿ, ನಾನು ಎಂದೋ ಬಿಚ್ಚಿ ಕಸಕ್ಕೆ ಹಾಕಿದ್ದರಲ್ಲಿ ಇದ್ದಿರಬೇಕು. ಅದನ್ನು ಓದುವ ಅಗತ್ಯವಿರಲಿಲ್ಲ. ನನ್ನ ರೇಖಾಚಿತ್ರದ ಗೆರೆ ತಪ್ಪಾಗಿತ್ತು. ಅದು ಜಾರುಬಂಡೆಯಂತೆ ಮೆಲ್ಲಗೆ ಇಳಿದಿರಲಿಲ್ಲ. ದಿನಕ್ಕೆ ಎರಡು ಸಲ ಏರಿ, ಎರಡು ಸಲ ತಳ ಮುಟ್ಟಿತ್ತು. ಒಟ್ಟು ಹದಿಮೂರು ಸಲ.

ಸಂಜೆ ಅವರು ಎದ್ದಾಗ ಚೌಕವನ್ನು ಮುಂದಿಟ್ಟೆ. ಓದಿ, ಹಾಗೇ ಮಡಿಸಿದರು.

"ಡಾಕ್ಟರಿಗೆ ಹೇಳಬೇಕು ರೀ. ಪ್ರಮಾಣ ಸಾಲಲಿಲ್ಲ ಅಂತ ಅವರು ತಿಳ್ಕೊಂಡಿದ್ದಾರೆ. ಸಾಲದೆ ಹೋದದ್ದು ಅದಲ್ಲ."

"ಬೇಡ ಬಿಡು."

"ಅರ್ಧ ಮಾತ್ರೆ ಅಂತ ಅಲ್ಲಿ ಯಾಕೆ ಹೇಳ್ಲಿಲ್ಲ?"

ಹುಬ್ಬಿನ ಪಟ್ಟಿ ಮುಟ್ಟಿ ನೋಡಿಕೊಂಡರು. "ಅವರು ನಿನ್ನ ಮುಖ ನೋಡಿ ಒಂದು ಮಾತು ಅಂದಿರೋರು. ನನ್ನೆದುರಿಗೆ ಅದು ಬೇಡಾಗಿತ್ತು."

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಎದ್ದು ಹೋಗಿ ಉಳಿದ ಮೂರು ಅರ್ಧಗಳನ್ನು ಕಸಕ್ಕೆ ಹಾಕಿದೆ.

ಮರುದಿನ ಪ್ರಯೋಗಾಲಯದ ಮೆಟ್ಟಿಲ ಮೇಲೆ ನಿಂತು ಆಸ್ಪತ್ರೆಗೆ ಫೋನು ಮಾಡಿದೆ. ಅಪಾಯಿಂಟ್‌ಮೆಂಟು ಕೊಡುವ ಹೆಂಗಸು ಎತ್ತಿಕೊಂಡಳು. ಎಲ್ಲವನ್ನೂ ಹೇಳಿದೆ: ಎಂಟು ಮಾತ್ರೆ, ಹದಿನಾರು ಅರ್ಧ, ಕತ್ತರಿಸಿದವಳು ನಾನು. ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

"ಯಾಕೆ ಮೇಡಂ ಕತ್ತರಿಸಿದ್ರಿ? ಕಾರಣ ಅಂತ ಒಂದು ಜಾಗ ಇದೆ, ತುಂಬಬೇಕು."

"ಕೂಪನ್," ಎಂದೆ.

"ಏನಂದ್ರಿ?"

"ಮಾತ್ರೆ ಮುಗಿದಿತ್ತು ಅಂತ ಬರ್ಕೊಳ್ಳಿ."

ಮಧ್ಯಾಹ್ನ ಅವಳೇ ಫೋನು ಮಾಡಿದಳು. "ಡಾಕ್ಟರಿಗೆ ಹೇಳಿದೆ ಮೇಡಂ. ತಿಳಿಸಿದ್ದು ಒಳ್ಳೇದಾಯ್ತು ಅಂದ್ರು. ಆದ್ರೆ ಏರಿಸಿದ್ದನ್ನ ಈಗ ನೀವಾಗಿ ಇಳಿಸ್ಬೇಡಿ, ಆರು ವಾರ ಬಿಟ್ಟು ಬನ್ನಿ, ನೋಡೋಣ ಅಂದ್ರು."

"ವರ್ಷದ ವಿಷಯ?"

"ಅದು ಬದಲಾಗಲ್ಲಂತೆ. ಯಾವ ಕಾರಣಕ್ಕೆ ಬಿದ್ರೂ ಬಿದ್ದ ದಿನದಿಂದಲೇ ಲೆಕ್ಕ."

ಸತ್ಯ ಹೇಳಿದರೆ ಎಲ್ಲೋ ಒಂದು ಅಂಕಿಯಾದರೂ ಬದಲಾಗುತ್ತದೆ ಎಂದು ನಂಬಿದ್ದೆ. ಪ್ರಯೋಗಾಲಯದಲ್ಲಿ ತಪ್ಪು ಒಪ್ಪಿಕೊಂಡರೆ ಮಾದರಿಯನ್ನು ಮತ್ತೆ ಪರೀಕ್ಷೆಗೆ ಹಾಕುತ್ತೇವೆ. ಇಲ್ಲಿ ಮತ್ತೆ ಹಾಕಲು ಮಾದರಿ ಉಳಿದಿರಲಿಲ್ಲ.

ಬಿದ್ದ ದಿನ ಆಸ್ಪತ್ರೆಯವರೇ ಕೊಟ್ಟು ಕಳಿಸಿದ್ದ ಮಾತ್ರೆ ಒಂಬತ್ತನೇ ತಾರೀಕಿನ ಬೆಳಿಗ್ಗೆಗೆ ಮುಗಿಯಿತು. ಹೊಸ ಚೀಟಿ ಹಿಡಿದು ಅಂಗಡಿಗೆ ಹೋದೆ. ಕೂಪನ್ ತರಬಾರದೆಂದು ತೀರ್ಮಾನಿಸಿ, ಅದನ್ನು ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಖಾಲಿ ಲಕೋಟೆಯಲ್ಲೇ ಬಿಟ್ಟು ಬಂದಿದ್ದೆ. ಕೌಂಟರಿನ ಹುಡುಗಿ ಎರಡು ಡಬ್ಬಿ ತಂದು, ಅಭ್ಯಾಸದಂತೆ ಕೇಳಿದಳು: "ನಂಬರ್ ಹೇಳಿ ಅಕ್ಕಾ."

ಹೇಳಬಾರದು ಎಂದುಕೊಳ್ಳುವಷ್ಟರಲ್ಲಿ ಬಾಯಿ ಹತ್ತೂ ಅಂಕಿಗಳನ್ನು ಹೇಳಿ ಮುಗಿಸಿತ್ತು.

ಅವಳು ಪರದೆ ನೋಡಿ ಅರಳಿದಳು. "ಕೂಪನ್ ನಿಮ್ಮ ನಂಬರಲ್ಲೇ ಇದೆ, ಕಾಗದ ಬೇಕಾಗಿಲ್ಲ. ಇನ್ನೊಂದು ನೋಡಿ, ಪ್ರಮಾಣ ಜಾಸ್ತಿ ಆಗಿದ್ದಕ್ಕೆ ನಿಮ್ಮ ಬಿಲ್ ಮಿತಿ ದಾಟ್ತು. ಚಿನ್ನದ ಕಾರ್ಡು ಬಂತು ಅಕ್ಕಾ. ಇನ್ಮೇಲೆ ಪ್ರತಿ ತಿಂಗಳೂ ಕಾಲು ಭಾಗ ಕಡಿಮೆ. ತಾರೀಕಿಗೆ ಕಾಯೋ ತಾಪತ್ರಯನೇ ಇಲ್ಲ."

ಪಾಪ, ಅವಳಿಗೇನು ಗೊತ್ತು. ನನಗಾಗಿ ನಿಜವಾಗಿಯೂ ಸಂತೋಷಪಡುತ್ತಿದ್ದಳು. ನಾನು ಡಬ್ಬಿ ತೆರೆದು ಒಳಗಿನ ಹಾಳೆ ತೆಗೆದೆ. ಅಲ್ಲೇ ಕೌಂಟರಿನ ಮೇಲೆ ಬಿಡಿಸಿ ಮೊದಲ ಸಾಲಿನಿಂದ ಓದತೊಡಗಿದೆ. ಹಿಂದೆ ನಿಂತಿದ್ದವರು ಕೆಮ್ಮಿದರು. ಎರಡೂ ಬದಿ ಓದಿ ಮುಗಿಯುವವರೆಗೆ ಕದಲಲಿಲ್ಲ. ಅದರಲ್ಲಿ ಈಗ ನನಗೆ ಉಪಯೋಗವಾಗುವಂಥದ್ದು ಏನೂ ಇರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅವರು ಕುರ್ಚಿಯಲ್ಲಿ ಒರಗಿದ್ದರು. ಹೊಸ ಪ್ರಮಾಣ ಮೈಯನ್ನೆಲ್ಲ ಭಾರ ಮಾಡಿತ್ತು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈಗಳು ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿದ್ದವು. ಸದ್ದಿಗೆ ಕಣ್ಣು ತೆರೆದರು. ನನ್ನನ್ನು ಗುರುತಿಸಲು ಒಂದು ಕ್ಷಣ ಹೆಚ್ಚೇ ಹಿಡಿಯಿತು.

"ಎಷ್ಟು... ಉಳಿಸಿದೆ... ಪಾಯಿಂಟಮ್ಮ?"

ನಗಿಸಲೆಂದೇ ಕೇಳಿದ್ದು. ನಾನು ಚಪ್ಪಲಿ ಬಿಟ್ಟು, ಚೀಲದಿಂದ ಬಿಲ್ಲು ತೆಗೆದು, ಕೊನೆಯ ಸಾಲು ಹುಡುಕಿದೆ. ಇಷ್ಟು ವರ್ಷಗಳಲ್ಲಿ ಅಷ್ಟು ದೊಡ್ಡ ಮೊತ್ತ ಎಂದೂ ಬಂದಿರಲಿಲ್ಲ.

"ಐನೂರ ಅರವತ್ತು," ಎಂದೆ.

ತಲೆ ಎತ್ತಿದಾಗ ಅವರಿಗೆ ಮತ್ತೆ ನಿದ್ದೆ ಹತ್ತಿತ್ತು.