ಪಟ್ಟಿಯ ಮೊದಲ ಸಾಲು

ಆರಂಭದ ವಾಕ್ಯವನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ಒಂದರಲ್ಲಿ ಮುಸುಕು ಹಾಕಿದ ಕಳ್ಳನೊಬ್ಬ ಕೀಬೋರ್ಡ್ ಕುಟ್ಟುತ್ತಿದ್ದ, ಪರದೆಯ ತುಂಬ ಹಸಿರು ಅಕ್ಷರಗಳು ಸುರಿಯುತ್ತಿದ್ದವು. ಯಾರ ಕಥೆ ಬರೆಯುತ್ತಿದ್ದೇನೋ ಆ ಟೇಪಮ್ಮ ಅದನ್ನು ಓದಿ ಕನ್ನಡಕ ಹಣೆಗೇರಿಸಿದರು.

"ಇವನನ್ನ ನೀವು ನೋಡಿದ್ರಾ?"

"ಇಲ್ಲ."

"ನಾನೂ ನೋಡಿಲ್ಲ. ಮತ್ತೆ ಅವನಿಗ್ಯಾಕೆ ಕಥೇಲಿ ಮೊದಲ ಸಾಲು?"

ಸರಿ. ಓದುಗರೇ, ಕಳ್ಳನನ್ನು ಬಿಟ್ಟು ದರ್ಜಿಯಿಂದ ಶುರುಮಾಡೋಣ.

೧

ಟೇಪಮ್ಮನಿಗೆ ಐವತ್ತೆಂಟು. ಅಳತೆಯ ಟೇಪು ಅವರ ಕೊರಳಿನಿಂದ ಇಳಿಯುವುದು ಸ್ನಾನಕ್ಕೆ ಮಾತ್ರ, ಅದಕ್ಕೇ ಈ ಹೆಸರು. ಏಳು ವರ್ಷದ ಹಿಂದೆ ಕ್ಯಾನ್ಸರ್ ಬಂದು ಎಡ ಸ್ತನ ತೆಗೆದರು. ಅಂಗಡಿಯಿಂದ ತಂದ ಒಳಉಡುಪಿಗೆ ಹತ್ತಿ ತುರುಕಿಕೊಂಡರೆ ಬಸ್ಸು ಹತ್ತುವಷ್ಟರಲ್ಲಿ ಅದು ಭುಜದ ಹತ್ತಿರ ಬಂದು ಕೂತಿರುತ್ತಿತ್ತು. ರೋಸಿಹೋಗಿ ತಾವೇ ಒಂದು ಹೊಲಿದುಕೊಂಡರು. ಒಳಗೊಂದು ಜೇಬು, ಜೇಬಿನಲ್ಲಿ ತೂಕಕ್ಕೆ ಸರಿಹೊಂದುವ ಮೆತ್ತೆ. ಆಸ್ಪತ್ರೆಯ ನರ್ಸ್ ಅದನ್ನು ನೋಡಿ ಇನ್ನೊಬ್ಬರಿಗೆ ಬೇಕು ಅಂದರು, ಆ ಇನ್ನೊಬ್ಬರು ಮತ್ತೊಬ್ಬರಿಗೆ ಹೇಳಿದರು. ಕೊನೆಗೆ ಸೊಸೆ ಒಂದು ಆನ್‌ಲೈನ್ ಅಂಗಡಿಯನ್ನೇ ತೆರೆದುಬಿಟ್ಟಳು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಹೊಲಿಗೆ ಯಂತ್ರ, ಒಂದು ಲ್ಯಾಪ್‌ಟಾಪ್. ಪಾರ್ಸೆಲ್ ಮೇಲೆ ಒಳಗೇನಿದೆ ಎಂದು ಬರೆಯುತ್ತಿರಲಿಲ್ಲ. ಗಿರಾಕಿಗಳಲ್ಲಿ ಅರ್ಧದಷ್ಟು ಹೆಂಗಸರು ಆಪರೇಷನ್ ವಿಷಯವನ್ನು ಮನೆಯಿಂದಾಚೆ ಯಾರಿಗೂ ಹೇಳಿರಲಿಲ್ಲ. ಕೆಲವರು ಮನೆಯೊಳಗೂ ಹೇಳಿರಲಿಲ್ಲ.

೨

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಈಮೇಲ್ ಬಂತು. ನಿಮ್ಮ ಸಾವಿರದ ನಲವತ್ತು ಗಿರಾಕಿಗಳ ಹೆಸರು, ವಿಳಾಸ, ಅಳತೆ ನಮ್ಮ ಕೈಯಲ್ಲಿವೆ. ಐದು ದಿನದೊಳಗೆ ಹಣ ಬರದಿದ್ದರೆ ಎಲ್ಲರೂ ನೋಡುವಂತೆ ಹಾಕುತ್ತೇವೆ. ಸಾಕ್ಷಿಗೆ ಮೂವರ ವಿವರ ಇತ್ತು. ಮೂರೂ ನಿಜ.

"ಅತ್ತೆ, ಯಾವುದಾದ್ರೂ ಲಿಂಕ್ ಒತ್ತಿದ್ರಾ?" ಸೊಸೆ ಕೇಳಿದಳು.

ಟೇಪಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. "ಹೋದ ತಿಂಗಳು. ಪಾರ್ಸೆಲ್ ವಾಪಸ್ ಬಂದಿದೆ, ಲಾಗಿನ್ ಆಗಿ ವಿಳಾಸ ಸರಿಮಾಡಿ ಅಂತ ಇತ್ತು. ಮಾಡಿದೆ."

"ಪಾಸ್‌ವರ್ಡ್ ಜೊತೆ ಫೋನಿಗೂ ಕೋಡ್ ಬರೋ ಹಾಗೆ ಮಾಡೋಣ ಅಂತ ಮೂರು ಸಲ ಹೇಳಿದ್ದೆ."

"ಹೇಳಿದ್ದೆ ಕಣೆ. ದಿನಾ ಯಾರು ಆ ಕೋಡ್ ಒತ್ತುತ್ತಾ ಕೂರ್ತಾರೆ ಅಂದಿದ್ದು ನಾನೇ."

(ಇಲ್ಲಿ ತಪ್ಪನ್ನು ಸೊಸೆಯ ತಲೆಗೆ ಕಟ್ಟಿ ಒಂದು ಪುಟ ಬರೆದಿದ್ದೆ. ಅತ್ತೆ ಸೊಸೆ ಜಗಳಕ್ಕೆ ಯಾವತ್ತೂ ಮಾರ್ಕೆಟ್ ಇದೆ. ಟೇಪಮ್ಮ ಆ ಪುಟವನ್ನು ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಅಡಿಗೆ ಕೊಟ್ಟರು.)

ಮಧ್ಯಾಹ್ನದೊಳಗೆ ಸೊಸೆ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದಳು. ಅಂಗಡಿಯ ಒಳಗಡೆ ಯಾರೋ ತಮಗೆಂದೇ ತೆರೆದುಕೊಂಡಿದ್ದ ಕಳ್ಳ ಖಾತೆ ಸಿಕ್ಕಿತು. ಸಾಕ್ಷಿಗೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಖಾತೆಯನ್ನು ಕಿತ್ತೆಸೆದು, ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಬರೆದಳು.

"ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು," ಅಂದರು ಟೇಪಮ್ಮ.

"ಊರಲ್ಲಿ ಇನ್ನೂ ಜನ ಇದ್ದಾರಲ್ಲ ಅತ್ತೆ. ಬಾಗಿಲು ಹಾಕ್ಲೇಬೇಕು."

೩

ಸಂಜೆ ಟೇಪಮ್ಮನ ತಮ್ಮ ಬಂದರು. ಇನ್ಶೂರೆನ್ಸ್ ಏಜೆಂಟ್, ಅಪಾಯ ಎಂದರೆ ಅವರಿಗೆ ಬಾಯಿಪಾಠ.

"ಕೊಟ್ಟು ಕೈತೊಳ್ಕೋ ಅಕ್ಕ. ಕಮಕ್ ಕಿಮಕ್ ಅನ್ನದೆ ಮುಗಿಸು."

"ಕೊಟ್ರೆ ಅವನು ಓದಿದ್ದನ್ನ ಮರೀತಾನೇನೋ?"

"ಕೊಡದಿದ್ರೆ ಆ ಹೆಂಗಸರ ಮಾನದ ಗತಿ?"

"ಅವರ ಮಾನ ನಾನು ಹೊಲಿಯೋ ಜೇಬಲ್ಲಿದೆ ಅಂತ ನಿನಗ್ಯಾರು ಹೇಳಿದ್ದು?"

ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆದರೆ ಟೇಪಮ್ಮನಿಗೆ ಅಂದು ಸೂಜಿಗೆ ದಾರ ಪೋಣಿಸಲು ಐದು ಸಲ ಬೇಕಾಯಿತು. (ಇದನ್ನು ಬರೆಯಬೇಡಿ ಅಂದಿದ್ದರು. ಬರೆದೆ. ಎಲ್ಲ ಮಾತೂ ಅವರದ್ದೇ ನಡೆಯಬೇಕೆಂದಿಲ್ಲ.)

೪

ಮಾರನೆಯ ದಿನ ಗಿರಾಕಿಗಳಿಗೆ ಪತ್ರ ಹೋಯಿತು. ಮನೆಯವರು ಇಣುಕಿ ನೋಡಿದರೂ ಗುಟ್ಟು ರಟ್ಟಾಗದ ಹಾಗೆ, ಏನು ತರಿಸಿಕೊಂಡಿದ್ದರೆಂದು ಹೇಳದೆ: 'ನಮ್ಮ ಅಂಗಡಿಯಲ್ಲಿದ್ದ ನಿಮ್ಮ ವಿವರ ಕಳುವಾಗಿದೆ. ಬಾಗಿಲು ತೆರೆದಿಟ್ಟವಳು ನಾನು. ಯಾರಾದರೂ ಹೆದರಿಸಿ ಹಣ ಕೇಳಿದರೆ ಕೊಡಬೇಡಿ, ನನಗೆ ಫೋನ್ ಮಾಡಿ.'

ಫೋನುಗಳು ಬಂದವು. ಬೈದವರಿದ್ದರು, ಅತ್ತವರಿದ್ದರು. ಶಾಲೆಯೊಂದರ ಹೆಡ್‌ಮಿಸ್ ಎರಡನ್ನೂ ಮಾಡಲಿಲ್ಲ.

"ನನ್ನ ಗಂಡನನ್ನ ಬಿಟ್ರೆ ಗೊತ್ತಿದ್ದಿದ್ದು ನಿಮಗೆ ಮಾತ್ರ."

"ಹೌದು ಮೇಡಂ."

"ನಿಮ್ಮನ್ನ ನಂಬಿದ್ದೆ."

"ನಂಬಿದ್ರಿ. ನಾನು ಉಳಿಸಿಕೊಳ್ಳಲಿಲ್ಲ."

"ಈಗ ಅವನಿಗೆ ಹಣ ಕೊಡ್ತೀರಾ?"

"ಇಲ್ಲ. ಇವತ್ತು ಕೊಟ್ರೆ ನಾಳೆ ನಿಮ್ಮ ಹತ್ರಾನೇ ಬರ್ತಾನೆ."

"ನನ್ನದೆಲ್ಲ ಅಳಿಸಿಹಾಕಿ," ಎಂದು ಹೆಡ್‌ಮಿಸ್ ಫೋನಿಟ್ಟರು. ಸೊಸೆ ಆಗಲೇ ಅಳಿಸಿದಳು. ಅಂದಿನಿಂದ ಅಂಗಡಿಯ ನಿಯಮವೇ ಬದಲಾಯಿತು: ಪಾರ್ಸೆಲ್ ಕೈಸೇರಿದ ಮೇಲೆ ಅಳತೆ, ವಿಳಾಸ ಯಾವುದೂ ಉಳಿಯುವುದಿಲ್ಲ. ಇಲ್ಲದ್ದನ್ನು ಯಾರು ಕದಿಯುತ್ತಾರೆ?

೫

ಕಳ್ಳನಿಗೆ ಟೇಪಮ್ಮ ಖಡಕ್ಕಾಗಿ ಉತ್ತರಿಸುವ ದೃಶ್ಯವೊಂದು ನನಗೆ ಬೇಕಿತ್ತು. ಡೈಲಾಗ್ ಕೂಡ ರೆಡಿಯಿತ್ತು. ಅವರು ಉತ್ತರವನ್ನೇ ಬರೆಯಲಿಲ್ಲ.

ಬದಲಿಗೆ ನಾಲ್ಕನೆಯ ದಿನ ಸೊಸೆಯನ್ನು ಕರೆದರು. "ಅವನು ಕದ್ದ ಪಟ್ಟೀಲಿ ಮೊದಲನೇ ಹೆಸರು ಯಾರದ್ದು?"

"ನಿಮ್ಮದೇ ಅತ್ತೆ. ಅಂಗಡಿ ತೆರೆದಾಗ ಟೆಸ್ಟ್ ಆರ್ಡರ್ ಹಾಕಿದ್ವಲ್ಲ."

"ಆ ಸಾಲನ್ನ ಅಂಗಡಿಯ ಮುಖಪುಟಕ್ಕೆ ಹಾಕು. ಹೆಸರು, ಅಳತೆ, ಎಡಗಡೆ ಇಲ್ಲ ಅನ್ನೋದು, ಎಲ್ಲಾ. ಜೊತೆಗೆ ಫೋಟೋ."

"ಬೇಡ ಅತ್ತೆ. ನೆಂಟರು, ಬೀದಿಯವರು..."

"ಬೇರೆಯವರದ್ದು ತೋರಿಸೋ ಹಕ್ಕು ನನಗಿಲ್ಲ, ಅವನಿಗೂ ಇಲ್ಲ. ನನ್ನದನ್ನ ತೋರಿಸೋ ಹಕ್ಕು ನನಗಿದೆ. ಅವನು ಹೆದರಿಸೋಕೆ ಇಟ್ಕೊಂಡಿರೋ ಸಾಮಾನಲ್ಲಿ ಒಂದಾದ್ರೂ ಕಡಿಮೆಯಾಗ್ಲಿ."

ಸೊಸೆ ಹಾಕಿದಳು. ತಮ್ಮ ಎರಡು ವಾರ ಮಾತು ಬಿಟ್ಟರು.

೬ (ಮುಕ್ತಾಯಗಳು)

ಅ. ಟೇಪಮ್ಮನನ್ನು ನೋಡಿ ಸಾವಿರ ಹೆಂಗಸರೂ ತಮ್ಮ ಹೆಸರು, ಫೋಟೋ ಹಾಕುತ್ತಾರೆ. ಕಳ್ಳನ ಪಟ್ಟಿ ಕಸವಾಗುತ್ತದೆ. ನನಗೇ ಕಣ್ಣು ಒದ್ದೆಯಾಗಿತ್ತು.

"ಅವರನ್ನ ಬೀದಿಗೆ ಎಳೀಬೇಡಿ," ಅಂದರು ಟೇಪಮ್ಮ. "ಮುಚ್ಚಿಟ್ಟುಕೊಳ್ಳೋದು ಹೇಡಿತನ ಅಲ್ಲ. ಅದು ಅವರಿಷ್ಟ. ಅದನ್ನ ಕಾಯೋದು ನನ್ನ ಕೆಲಸ."

ಆ. ಕಳ್ಳ ಸಿಕ್ಕಿಬೀಳುತ್ತಾನೆ.

"ಬಿದ್ದಿಲ್ಲ."

ಇ. ನಡೆದದ್ದು. ಆರನೆಯ ದಿನ ಎಲ್ಲೋ ಒಂದು ವೆಬ್‌ಸೈಟಿನಲ್ಲಿ ನಲವತ್ತು ಹೆಸರು ಕಾಣಿಸಿಕೊಂಡವು. ಸೊಸೆ ಬೆನ್ನುಬಿದ್ದು, ಪೊಲೀಸರಿಂದಲೂ ಹೇಳಿಸಿ, ಮೂರು ಗಂಟೆಯಲ್ಲಿ ತೆಗೆಸಿದಳು. ಅಷ್ಟರಲ್ಲಿ ಯಾರು ನೋಡಿದರೋ ಗೊತ್ತಿಲ್ಲ. ನಲವತ್ತು ಜನರಿಗೂ ಟೇಪಮ್ಮ ಖುದ್ದಾಗಿ ಫೋನ್ ಮಾಡಿದರು. ಹನ್ನೊಂದು ಜನ ಇನ್ನು ಮುಂದೆ ನಿಮ್ಮ ಸಹವಾಸ ಬೇಡ ಅಂದರು. ಒಬ್ಬಾಕೆ, "ಗಂಡನಿಗೆ ನಾನೇ ಹೇಳಿದೆ, ಇನ್ನು ಯಾರೇನು ಹೇಳ್ತಾರೆ," ಅಂದಳು. ಪಟ್ಟಿಯಲ್ಲಿ ಉಳಿದ ಸಾವಿರ ಜನರ ಹೆಸರು ಇವತ್ತಿಗೂ ಬಂದಿಲ್ಲ. ನಾಳೆ ಬರಬಹುದು.

"ಇಷ್ಟಕ್ಕೆ ಮುಗಿಸ್ತೀನಿ," ಅಂದೆ. "ಓದುಗರಿಗೆ ಒಂದು ನೆಮ್ಮದಿ ಬೇಡವೇ?"

"ಆ ಹೆಂಗಸರ ಪಟ್ಟಿ ಇನ್ನೂ ಆ ಕಳ್ಳನ ಹತ್ರ ಇದೆ. ಮುಗೀತು ಅಂತ ಬರೆದ್ರೆ ನನ್ನ ಗಿರಾಕಿಗಳಿಗೆ ಸುಳ್ಳು ಹೇಳಿದ ಹಾಗೆ. ನಿಮ್ಮ ಓದುಗರ ನೆಮ್ಮದಿಗೆ ನಾನು ಜವಾಬ್ದಾರಳಲ್ಲ."

ಅವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾನಿನ್ನೂ ಹಾಳೆ ಹರಡಿಕೊಂಡು ಕೂತಿದ್ದೆ. ಹೊಸ ಆರ್ಡರಿನ ಚೀಟಿ ಹಿಡಿದು ಟೇಪಮ್ಮ ಮೇಜಿನ ಹತ್ತಿರ ಬಂದರು.

"ಹಾಳೆ ಎತ್ಕೊಳ್ಳಿ," ಅಂದರು. "ಬಟ್ಟೆ ಹಾಸಬೇಕು."